ಅಂಬ್ರಪ್ಪನ ಕ್ಯಾಮರಾ, ಅಯ್ಯಮ್ಮನ ಕಣ್ಣು

ಖಾಜಾಹುಸೇನ ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದ. ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಮಾತಾಡಲೆಂದೇ ಬಂದವನು ಮಾತಿಗಾಗಿ ಹುಡುಕಾಡುತ್ತಿದ್ದಾನೆ ಎಂಬುದು ಅಯ್ಯಮ್ಮನಿಗೆ ಅವನು ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಗೊತ್ತಾಗಿತ್ತು.

"ಭಾಬಿ, ಹ್ಯಾಂಗ ಹೇಳ್ಬೇಕೋ ತಿಳೀವಲ್ದು," ಎಂದು ಕೊನೆಗೆ ಬಾಯಿಬಿಟ್ಟ. "ಸುರಪುರದ ಮೌನಪ್ಪನ ಮಗಳ ಮದುವಿ ಹತ್ರ ಬಂತು. ವಿಡಿಯೋ ತೆಗ್ಯಾಕ ಮರಿಲಿಂಗಗ ಹೇಳ್ಬೇಕಂತ ಮಾಡೀನಿ. ನಿಮಗ ಒಂದು ಮಾತು ತಿಳಿಸ್ದಂಗೂ ಆತು ಅಂತ ಬಂದೆ."

ಶಹಾಪುರದಲ್ಲಿ ಖಾಜಾಹುಸೇನನ ಫೋಟೋ ಮತ್ತು ಅಯ್ಯಮ್ಮನ ಗಂಡ ಅಂಬ್ರಪ್ಪನ ವಿಡಿಯೋ ಎಂದರೆ ಎತ್ತಿನ ಜೋಡಿಯಿದ್ದಂತೆ. ಒಬ್ಬನನ್ನು ಕರೆದರೆ ಇನ್ನೊಬ್ಬ ತಾನಾಗಿಯೇ ಬರುತ್ತಿದ್ದ. ಕಳೆದ ಮಳೆಗಾಲದಲ್ಲಿ ವನದುರ್ಗದ ಒಂದು ಮದುವೆಯಲ್ಲಿ ಕ್ಯಾಮರಾ ಹೆಗಲ ಮೇಲಿರುವಾಗಲೇ ಅಂಬ್ರಪ್ಪ ಕುಸಿದುಬಿದ್ದ. ಲಕ್ವಾ. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಏಟಿಗೆ ಹೋದವು. ಕ್ಯಾಮರಾ ಬದುಕಿತು. ಅದರ ಮಗ್ಗುಲಲ್ಲಿ ಬಾಗಿಲಿನಂತೆ ತೆರೆದುಕೊಳ್ಳುವ ಪರದೆಯೊಂದು ಒಡೆದು ಕಪ್ಪಾಯಿತು, ಅಷ್ಟೇ. ಅಂದಿನಿಂದ ಅದು ಕಪಾಟಿನ ಮೇಲೆ ಹಳೆಯ ಟವೆಲ್ಲಿನೊಳಗೆ ಮಲಗಿತ್ತು. ಅಂಬ್ರಪ್ಪ ಅದರ ಎದುರಿನ ಕಬ್ಬಿಣದ ಮಂಚದ ಮೇಲೆ ಮಲಗಿದ್ದ.

ಊರಿನ ಇನ್ನೊಬ್ಬ ವಿಡಿಯೋದವ ಮರಿಲಿಂಗನ ಹೆಸರು ಕಿವಿಗೆ ಬಿದ್ದದ್ದೇ ಅಂಬ್ರಪ್ಪ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದ. ಅಯ್ಯಮ್ಮ ಅದನ್ನು ನೋಡಿದಳು. ನೋಡಿದ್ದೇ ತಪ್ಪಾಯಿತೇನೋ, ಆಡಬೇಕೆಂದು ಅಂದುಕೊಳ್ಳದ ಮಾತೊಂದು ಬಾಯಿಂದ ಹೊರಬಿತ್ತು.

"ಯಾರಿಗೂ ಹೇಳಬ್ಯಾಡ್ರಿ ಭಾಯಿ. ನಾ ತೆಗೀತೀನಿ."

ಖಾಜಾಹುಸೇನ ಮೊದಲು ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ. ಬಾಗಿಲ ಬಳಿ ನಿಂತಿದ್ದ ಮಗಳು ಸಪ್ನಾ ಮೊಬೈಲಿನಿಂದ ತಲೆ ಎತ್ತಿದಳು. ಮಂಚದ ಕಡೆಯಿಂದ ಧಡ್ ಎಂದು ಸದ್ದಾಯಿತು. ಅಂಬ್ರಪ್ಪ ಎಡಗೈಯಿಂದ ಮಂಚದ ಪಟ್ಟಿಗೆ ಬಡಿದಿದ್ದ.

"ನೋಡ್ರಿ, ಅವನೇ ಬ್ಯಾಡ ಅನ್ಲಿಕತ್ತಾನ," ಎಂದ ಖಾಜಾಹುಸೇನ. "ಭಾಬಿ, ಮದುವಿ ಅಂದ್ರ ಎರಡನೇ ಸಲ ಆಗೂದಲ್ಲ. ತಪ್ಪಿದ್ರ ತಪ್ಪೇ ಹೋತು. ನನ್ನ ಇಜ್ಜತ್ತೂ ಅದರಾಗ ಅದ."

"ಅದಕ್ಕ ಮೊದ್ಲು ಒಂದು ಸಣ್ಣ ಕೆಲಸ ಕೊಡ್ರಿ. ಅದು ಛಲೋ ಬರ್ಲಿಲ್ಲಂದ್ರ ಮರಿಲಿಂಗಗ ಹೇಳ್ರಿ."

ಖಾಜಾಹುಸೇನ ಬಟ್ಟಲನ್ನು ಕೆಳಗಿಟ್ಟ. ಅದೇ ಓಣಿಯಲ್ಲಿರುವ ಅವನ ಸೋದರತ್ತೆ ಚಮನಬೀಯ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಅದನ್ನು ತೆಗೆದು ತೋರಿಸಲಿ, ಆಮೇಲೆ ನೋಡೋಣ ಎಂದು ಎದ್ದ. ತಣ್ಣಗಾದ ಚಹಾ ಹಾಗೇ ಉಳಿಯಿತು.

ಅಯ್ಯಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಹತ್ತನೆಯ ಇಯತ್ತೆ ಓದಿದವಳು. ಗಂಡ ಕ್ಯಾಮರಾ ಹೊತ್ತು ಹೊರಡುವುದನ್ನೂ ಧೂಳು ಹೊತ್ತು ಮರಳುವುದನ್ನೂ ಮದುವೆಯಾದಾಗಿನಿಂದ ನೋಡಿದ್ದಳು. ಕ್ಯಾಮರಾ ಮಾತ್ರ ಮುಟ್ಟಿರಲಿಲ್ಲ. ಧೂಳು ಒರೆಸಲೂ ಅವನು ಬಿಡುತ್ತಿರಲಿಲ್ಲ.

"ಯವ್ವಾ, ನಿನಗ ಹುಚ್ಚು ಹಿಡದದೇನು?" ಎಂದು ಸಪ್ನಾ ಅಂದೇ ಜಗಳ ತೆಗೆದಳು. ಆದರೆ ತಾಯಿ ಹಟ ಬಿಡುವವಳಲ್ಲ ಎಂಬುದು ಅವಳಿಗೂ ಗೊತ್ತು. ಕಡೆಗೆ ಮೊಬೈಲ್ ಮುಂದೆ ಹಿಡಿದಳು. "ಹಂಗಾದ್ರ ವಿಡಿಯೋ ನೋಡಿ ಕಲಿ. ಈಗ ಎಲ್ಲಾರೂ ಹಂಗೇ ಕಲೀತಾರ."

ಕೋಳಿ ಜುಟ್ಟಿನಂತೆ ಕೂದಲು ನಿಲ್ಲಿಸಿಕೊಂಡ ಹುಡುಗನೊಬ್ಬ ಹಿಂದಿಯಲ್ಲಿ ಪಟಪಟನೆ ಹೇಳುತ್ತಿದ್ದ. ಚಮನಬೀಯ ನೆರೆಯಲ್ಲಿ ಬಾಳಿದ ಅಯ್ಯಮ್ಮನಿಗೆ ಹಿಂದಿ ತೊಡಕಾಗಲಿಲ್ಲ. ಹುಡುಗ ಮೊಣಕೈಯನ್ನು ಪಕ್ಕೆಗೆ ಒತ್ತಿ ನಿಲ್ಲಬೇಕೆಂದ, ಉಸಿರು ಬಿಗಿಹಿಡಿದು ಮೆಲ್ಲಗೆ ತಿರುಗಬೇಕೆಂದ. ಪರದೆಯ ಮೇಲೆ ಬೆರಳಾಡಿಸಿ ಇದನ್ನು ಹೀಗೆ ಇಡಿ, ಅದನ್ನು ಹಾಗೆ ಇಡಿ ಎಂದ. ನೋಡುವಾಗ ಎಲ್ಲ ತಿಳಿದಂತೆಯೇ ಆಯಿತು. ಎದ್ದು ಕ್ಯಾಮರಾ ಕೈಗೆತ್ತಿಕೊಂಡರೆ ಹೊಳೆಯ ನೀರು ಬೊಗಸೆಯಲ್ಲಿ ಹಿಡಿದಂತೆ, ಒಂದು ಹನಿಯೂ ಉಳಿದಿರಲಿಲ್ಲ. ಹುಡುಗ ಬೆರಳಾಡಿಸಿದ ಪರದೆ ಇಲ್ಲಿ ಒಡೆದು ಕಪ್ಪಾಗಿತ್ತು. ಅವನ ಕ್ಯಾಮರಾ ಅಂಗೈಯಷ್ಟು, ಇದೋ ಹೆಗಲ ಮೇಲೆ ಕೂರುವ ಕರುವಿನಂತೆ ಭಾರ. ಇನ್ನೊಂದು ವಿಡಿಯೋ ಹಾಕಿದರೆ ಅದರಲ್ಲಿದ್ದವ ಮೊದಲಿನವ ಹೇಳಿದ್ದೆಲ್ಲ ತಪ್ಪೆಂದ.

"ಇವರು ಓಡಿಸ್ಕೋತ ಹೋಗ್ತಾರ. ನನ್ನ ತಲಿ ಅಷ್ಟು ಓಡಂಗಿಲ್ಲ," ಎಂದಳು ಅಯ್ಯಮ್ಮ. "ನಂಗ ಪುಸ್ತಕ ಬೇಕು. ಬಟ್ಟು ಇಟ್ಟು ಓದಬೇಕು. ತಿಳೀಲಿಲ್ಲಂದ್ರ ಅಲ್ಲೇ ನಿಂದರಬೇಕು."

"ಪುಸ್ತಕ ಓದಿ ಈಜು ಕಲೀತಾರೇನು?"

"ಮತ್ತ ವಿಡಿಯೋ ನೋಡಿ ಕಲೀತಾರೇನು?"

ಸಪ್ನಾ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿ ಕನ್ನಡದ ಒಂದು ಪುಸ್ತಕ ತಂದಳು. ಅದರಲ್ಲಿ ರೀಲು ತೊಳೆಯುವ ಕತ್ತಲೆ ಕೋಣೆಯ ವಿಚಾರವಿತ್ತು. ವಿಡಿಯೋದ ಸುದ್ದಿಯೇ ಇರಲಿಲ್ಲ. ಉಳಿದದ್ದು ಕ್ಯಾಮರಾದ ಜೊತೆಗೇ ಬಂದಿದ್ದ ದಪ್ಪ ಪುಸ್ತಕ. ಅದು ಇಂಗ್ಲಿಷಿನಲ್ಲಿತ್ತು. ಸಂಜೆ ಮಗಳು ಓದಿ ಕನ್ನಡದಲ್ಲಿ ಹೇಳಬೇಕು, ತಾಯಿ ಕ್ಯಾಮರಾ ತೊಡೆಯ ಮೇಲಿಟ್ಟುಕೊಂಡು ಆ ಬಟನ್ ಹುಡುಕಬೇಕು. ಬಟನ್ನುಗಳ ಹೆಸರು ತಿಳಿದವು, ಬ್ಯಾಟರಿ ಎಲ್ಲಿ, ಕಾರ್ಡು ಎಲ್ಲಿ ಎಂಬುದು ತಿಳಿಯಿತು. ಎಲ್ಲಿ ನಿಲ್ಲಬೇಕು, ಯಾರ ಮುಖ ನೋಡಬೇಕು ಎಂಬುದು ಆ ಪುಸ್ತಕದಲ್ಲಿ ಇರಲಿಲ್ಲ. ಸಪ್ನಾಳಿಗೆ ಪರೀಕ್ಷೆಯ ಓದಿತ್ತು. ಬೇಸತ್ತು ಪುಟ ಹಾರಿಸುತ್ತಿದ್ದಳು. "ಇದು ಬ್ಯಾಡ, ಇದೂ ಬ್ಯಾಡ, ಇದೆಲ್ಲ ಸುಮ್ನ" ಎಂದು ಎರಡೆರಡು ಹಾಳೆ ಒಟ್ಟಿಗೆ ತಿರುವುತ್ತಿದ್ದಳು.

ಇದೆಲ್ಲದರ ನಡುವೆ ಮಂಚದ ಸದ್ದು. ಅಯ್ಯಮ್ಮ ಕ್ಯಾಮರಾ ಹೆಗಲಿಗೇರಿಸಿ, ಚಾಳೀಸಿನ ಕನ್ನಡಕ ತೆಗೆದಿಟ್ಟು, ಕಣ್ಣಿಟ್ಟು ನೋಡುವ ಕೊಳವೆಗೆ ಮುಖ ಹಚ್ಚಿದಳೆಂದರೆ ಸಾಕು, ಅಂಬ್ರಪ್ಪ ಧಡಧಡ ಬಡಿಯುತ್ತಿದ್ದ. ಗಂಟಲಿನಿಂದ ಅ, ಅ ಎಂದು ಹೊರಡುವ ಒಡಕು ದನಿ. ಬಾಯಿಯ ಒಂದು ಕಡೆಯಿಂದ ಜೊಲ್ಲು. ಕಣ್ಣು ಕೆಂಪು.

ಮೊದಲೆಲ್ಲ ಅವಳು ತಡೆದುಕೊಂಡಳು. ಒಂದು ಸಂಜೆ ತಡೆಯಲಾಗಲಿಲ್ಲ. ಕ್ಯಾಮರಾವನ್ನು ಅಕ್ಕಿ ಚೀಲದ ಮೇಲೆ ಇಟ್ಟು ತಿರುಗಿ ನಿಂತಳು.

"ಮುಟ್ಟಬಾರದೇನ್ರಿ ನಾ? ನಿಮ್ಮ ಆಸ್ತಿ ಅದೇನು? ನಾ ಮುಟ್ಟಿದ್ರ ಸವೀತದೇನು? ನೀವೂ ಮಾಡಂಗಿಲ್ಲ, ನನ್ನೂ ಮಾಡಗೊಡಂಗಿಲ್ಲ!"

ಅಂದುಬಿಟ್ಟು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತಳು. ರೊಟ್ಟಿ ಬಡಿಯುವ ಸದ್ದಿನಲ್ಲಿ ಮಂಚದ ಸದ್ದು ಮುಳುಗಿತು.

ಚಮನಬೀಯ ಮನೆಯ ಕಾರ್ಯದ ದಿನ ಹೆಂಗಸರು ತುಂಬಿದ್ದರು. ಅಯ್ಯಮ್ಮ ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು, ತೊಟ್ಟಿಲ ಎದುರು ನಿಂತಳು. ಕೊಳವೆಯೊಳಗೆ ಎಲ್ಲ ಮಂಜುಮಂಜಾಗಿ ಕಂಡರೂ ಮಗು ಎಲ್ಲಿದೆ, ಅಜ್ಜಿ ಎಲ್ಲಿದ್ದಾಳೆ ಎಂಬುದು ಅಂದಾಜಿಗೆ ಸಿಗುತ್ತಿತ್ತು. ಬಟನ್ ಒತ್ತಿದಳು. ಮಗುವನ್ನು ತೊಟ್ಟಿಲಿಗೆ ಹಾಕಿದರು, ಹಾಡಿದರು, ಕಿವಿಯಲ್ಲಿ ಹೆಸರು ಕೂಗಿದರು. ಮತ್ತೆ ಒತ್ತಿದಳು. ಖಾಜಾಹುಸೇನ ಅವಳು ನಿಂತ ರೀತಿಯನ್ನು ದೂರದಿಂದ ನೋಡಿ ತಲೆದೂಗಿದ್ದನ್ನು ಸಪ್ನಾ ಕೂಡ ಕಂಡಳು.

ಕಾರ್ಯ ಮುಗಿದ ಮೇಲೆ ಅಲ್ಲಿಯೇ ಟಿವಿಗೆ ವೈರು ಸಿಕ್ಕಿಸಿದರು. ಚಮನಬೀ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆಯೇ ಕುಳಿತಳು. ಟಿವಿಯಲ್ಲಿ ನೆಲ ಬಂತು, ಯಾರದೋ ಪಾದ, ಬಳಿಕ ಬಾಗಿಲ ಮೂಲೆಯ ಚಪ್ಪಲಿಗಳ ರಾಶಿ. ಅಯ್ಯಮ್ಮನ ಸೀರೆಯ ನಿರಿಗೆ ಅಲುಗಿತು. ಹಿನ್ನೆಲೆಯಲ್ಲಿ ಬಿರಿಯಾನಿಗೆ ಉಪ್ಪು ಸಾಲದೆಂದು ಚಮನಬೀ ಸೊಸೆಯನ್ನು ಬೈಯುತ್ತಿದ್ದಳು. ತೊಟ್ಟಿಲು ಎಲ್ಲಿಯೂ ಬರಲಿಲ್ಲ. ಅವಳು ಚಾಲೂ ಮಾಡಿದೆನೆಂದುಕೊಂಡಾಗ ಬಂದ್ ಆಗಿತ್ತು, ಬಂದ್ ಮಾಡಿದೆನೆಂದುಕೊಂಡಾಗ ಚಾಲೂ ಆಗಿತ್ತು.

ಯಾರೋ ಕಿಸಕ್ಕನೆ ನಕ್ಕರು. ಚಮನಬೀ ನಗಲಿಲ್ಲ. "ನನ್ನ ಬೈಗುಳ ಮಾತ್ರ ಛಲೋ ಬಂದದ," ಎಂದು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಖಾಜಾಹುಸೇನ ಅಂಗಳಕ್ಕೆ ಬಂದು ಅಯ್ಯಮ್ಮನಿಗಷ್ಟೇ ಕೇಳುವಂತೆ, "ಆತಲ್ರಿ ಭಾಬಿ, ಇಷ್ಟಕ್ಕ ಬಿಡ್ರಿ," ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಅಯ್ಯಮ್ಮನಿಗೆ ಎದುರು ಮಾತಾಡಲು ಬರುತ್ತಿತ್ತು.

ಮನೆಗೆ ಬಂದು ಅಯ್ಯಮ್ಮ ಕ್ಯಾಮರಾವನ್ನು ಟಿವಿಯ ಮುಂದೆ ಇಟ್ಟಳು. ಸಪ್ನಾ ಪುಸ್ತಕವನ್ನು ಟ್ರಂಕಿಗೆ ಹಾಕಿ ಮುಚ್ಚಳ ಮುಚ್ಚಿದಳು. "ನಿನ್ನ ಪುಸ್ತಕ ಏನು ಮಾಡ್ತು ನೋಡು," ಎಂದಳು. ಆಮೇಲೆ ತನ್ನ ಮೊಬೈಲನ್ನೂ ನೋಡಿಕೊಂಡು, "ನನ್ನ ವಿಡಿಯೋನೂ ಅಷ್ಟೇ," ಎಂದು ಮೆಲ್ಲಗೆ ಸೇರಿಸಿದಳು.

"ಕಾರ್ಡಿನಾಗ ಇನ್ನೇನೇನು ಅದ ಹಾಕು," ಎಂದಳು ಅಯ್ಯಮ್ಮ. "ಎಲ್ಲೆಲ್ಲಿ ಹಿಂಗ ಆಗ್ಯಾದ ನೋಡ್ತೀನಿ. ಮೊದಲಿಂದ ಹಾಕು."

ಮಗಳು ವೈರು ಸಿಕ್ಕಿಸಿದಳು. ಮನೆಯಲ್ಲಿ ಅಭ್ಯಾಸ ಮಾಡಿದ್ದೆಲ್ಲ ಒಂದಾದ ಮೇಲೊಂದು ಬಂತು. ಬಹುಪಾಲು ನೆಲ, ಗೋಡೆ, ಚೀಲ. ಆಮೇಲೆ ಚಿತ್ರವೊಂದು ಅಡ್ಡಡ್ಡ ಬಂತು. ಕ್ಯಾಮರಾವನ್ನು ಅಕ್ಕಿ ಚೀಲದ ಮೇಲೆ ವಾರೆಯಾಗಿ ಇಟ್ಟಿದ್ದ ಆ ಸಂಜೆಯದು. ಇಬ್ಬರೂ ಕತ್ತು ವಾಲಿಸಿ ನೋಡಿದರು. ಮಂಚ ಕಂಡಿತು, ಮಂಚದ ಮೇಲೆ ಅಂಬ್ರಪ್ಪ. "ನೀವೂ ಮಾಡಂಗಿಲ್ಲ, ನನ್ನೂ ಮಾಡಗೊಡಂಗಿಲ್ಲ" ಎಂಬ ತನ್ನದೇ ದನಿ ಕೇಳಿ ಅಯ್ಯಮ್ಮನ ಮೈ ಹಿಡಿಯಾಯಿತು. ದನಿ ಅಷ್ಟು ಕೆಟ್ಟದಾಗಿತ್ತೆಂದು ಆಡುವಾಗ ಅವಳಿಗೆ ತಿಳಿದಿರಲಿಲ್ಲ. ಸೀರೆಯ ಸೆರಗು ಚಿತ್ರದಿಂದ ಆಚೆ ಹೋಯಿತು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಕೋಣೆಯಲ್ಲಿ ಅಂಬ್ರಪ್ಪ ಒಬ್ಬನೇ. ಮಂಚ ಬಡಿಯುವುದನ್ನು ನಿಲ್ಲಿಸಿದ. ಬಾಗಿಲ ಕಡೆ ನೋಡುತ್ತ ಎಡಗೈ ಎತ್ತಿ ತೋರುಬೆರಳನ್ನು ತನ್ನ ಕಣ್ಣಿಗೆ ಇಟ್ಟುಕೊಂಡ. ಬಳಿಕ ಹೆಬ್ಬೆರಳು ತೋರುಬೆರಳು ಕೂಡಿಸಿ, ಕಂದೀಲಿನ ಬತ್ತಿ ಏರಿಸುವವರಂತೆ ಗಾಳಿಯಲ್ಲಿ ತಿರುವಿದ. ಕಣ್ಣು ತೋರಿಸಿದ, ತಿರುವಿದ. ಯಾರೂ ನೋಡುತ್ತಿಲ್ಲದಿದ್ದರೂ ಅದನ್ನೇ ಮಾಡಿದ. ಮಾಡಿ ಮಾಡಿ ಕೈ ಸೋತು ಎದೆಯ ಮೇಲೆ ಬಿತ್ತು. ಆಮೇಲೆ ಅವನು ಅತ್ತ.

ಸಪ್ನಾ ಬಾಯಿಗೆ ಕೈ ಅಡ್ಡ ಹಿಡಿದಳು.

ಅಯ್ಯಮ್ಮ ಎದ್ದು ಮಂಚದ ಬಳಿ ಹೋದಳು. ಅಂಬ್ರಪ್ಪ ಟಿವಿಯನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. "ಕಣ್ಣು?" ಎಂದು ಕೇಳಿದಳು. "ಕಣ್ಣಿಗಿ ಏನರೆ ತಿರುವೂದು ಅದೇನ್ರಿ?" ಅವನು ಕಣ್ಣು ಮುಚ್ಚಿ ತೆರೆದ. ಒಂದು ಸಲ, ಗಟ್ಟಿಯಾಗಿ.

ಟ್ರಂಕು ತೆರೆಯಿತು. ಸಪ್ನಾ ತಾನು ಹಾರಿಸಿದ್ದ ಹಾಳೆಗಳನ್ನು ತಿರುವುತ್ತ ಬಂದಳು. ಒಂದು ಪುಟದಲ್ಲಿ ಕಣ್ಣಿನ ಚಿತ್ರ, ಪಕ್ಕದಲ್ಲಿ ಕೊಳವೆ, ಕೊಳವೆಯ ಕೆಳಗೆ ಉಗುರಿನಷ್ಟು ಸಣ್ಣ ತಿರುಪು. "ನೋಡುವವರ ಕಣ್ಣಿಗೆ ತಕ್ಕಂಗ ಇದನ್ನ ತಿರುವಬೇಕಂತ," ಎಂದು ಓದಿದಳು. ಅವಳ ದನಿ ಇಳಿದಿತ್ತು. "ಇದನ್ನ ನಾನೇ ಬಿಟ್ಟಿದ್ದೆ ಯವ್ವಾ. ಸುಮ್ನ ಅದ ಅನಕೊಂಡೆ."

ಅಯ್ಯಮ್ಮ ಕೊಳವೆಗೆ ಕಣ್ಣು ಹಚ್ಚಿ ಆ ತಿರುಪನ್ನು ಉಗುರಿನಿಂದ ತಿರುವಿದಳು. ಮಂಜು ಇನ್ನೂ ದಪ್ಪವಾಯಿತು. ಹಿಂದಕ್ಕೆ ತಿರುವಿದಳು. ಎದುರಿನ ಕ್ಯಾಲೆಂಡರಿನ ಅಂಕೆಗಳು ಒಂದೊಂದಾಗಿ ಎದ್ದು ನಿಂತವು. ಚಿತ್ರದ ಮೂಲೆಯಲ್ಲಿ ತಾನು ಇಷ್ಟು ದಿನ ಕಲೆಯೆಂದುಕೊಂಡಿದ್ದ ಮಸುಕು ಹಸಿರು ಅಕ್ಷರವಾಯಿತು. ಬಟನ್ ಒತ್ತಿದಳು. ಹಸಿರು ಹೋಗಿ ಕೆಂಪು ಬಂತು. ಇನ್ನೊಮ್ಮೆ ಒತ್ತಿದರೆ ಮತ್ತೆ ಹಸಿರು. ಕೆಂಪೆಂದರೆ ಚಾಲೂ, ಹಸಿರೆಂದರೆ ಬಂದ್. ಕೊಳವೆ ಇಷ್ಟು ದಿನ ಅಂಬ್ರಪ್ಪನ ಕಣ್ಣಿಗೆ ಹೊಂದಿಕೊಂಡು ಕುಳಿತಿತ್ತು. ಅವಳು ಗಂಡನ ಕಣ್ಣಿನಿಂದ ನೋಡಲು ಹೆಣಗಿದ್ದಳು.

ಮಂಚ ಬಡಿದು ಹೇಳಿಕೊಡಲು ಹೆಣಗಿದ್ದು ನಿಜವಾದರೂ ಅವನ ಸಿಟ್ಟು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಅವಳು ಕ್ಯಾಮರಾ ಹೆಗಲಿಗೇರಿಸಿ ಅವನ ಕಡೆ ತಿರುಗಿದಾಗ ಅವನು ಮುಖ ತಿರುಗಿಸಿದ. ತಿರುಗಿಸಲಿ ಎಂದು ಅವಳು ಬಿಟ್ಟುಬಿಟ್ಟಳು.

ಅಲ್ಲಿಂದ ಕಲಿಕೆಯ ದಾರಿ ಬದಲಾಯಿತು. ಮೊಬೈಲಿನ ಹುಡುಗ ಒಂದು ಮಾತು ಹೇಳಿದ ಕೂಡಲೇ ಅವನ ಬಾಯಿ ಮುಚ್ಚಿಸುವುದು, ಪುಸ್ತಕದಲ್ಲಿ ಅದರ ಬಟನ್ ಎಲ್ಲಿದೆಯೆಂದು ಹುಡುಕುವುದು, ಅಂಗನವಾಡಿಗೆ ಹೋಗಿ ಮಕ್ಕಳು ಉಣ್ಣುವುದನ್ನೋ ಹೊರಳಾಡುವುದನ್ನೋ ತೆಗೆಯುವುದು, ತಂದು ಅಂಬ್ರಪ್ಪನಿಗೆ ಟಿವಿಯಲ್ಲಿ ತೋರಿಸುವುದು. ತಪ್ಪಾದಲ್ಲಿ ಅವನು ಕೈ ಅಡ್ಡ ಆಡಿಸುತ್ತಿದ್ದ. ಏನು ತಪ್ಪು ಎಂದು ಕೇಳುವ ಹೊಣೆ ಅವಳದು. "ದೂರ ಆತೇನ್ರಿ? ಜಲ್ದಿ ತಿರುಗಿಸಿದೆನೇನು? ಬೆಳಕಿಗಿ ಎದುರು ನಿಂತೆನೇನು?" ಅವನು ಕಣ್ಣು ಮುಚ್ಚಿ ತೆರೆಯುವವರೆಗೆ ಕೇಳಬೇಕು. ಕೆಲವೊಮ್ಮೆ ಕೇಳಿ ಕೇಳಿ ಅವಳೂ ಸೋಲುತ್ತಿದ್ದಳು, ಅವನೂ ಸೋತು ಕಣ್ಣು ಮುಚ್ಚಿಬಿಡುತ್ತಿದ್ದ. ತಪ್ಪು ಏನೆಂದು ತಿಳಿಯದೆಯೇ ಉಳಿದದ್ದೂ ಉಂಟು.

ಆದರೆ ಕೆಲಸ ಕೈಬಿಟ್ಟುಹೋಗಿತ್ತು. ಅದನ್ನು ಮತ್ತೆ ಕೇಳುವ ಮುಖ ಅವಳಿಗಿರಲಿಲ್ಲ. ಮದುವೆ ಹತ್ತಿರ ಬಂದಾಗ ಖಾಜಾಹುಸೇನ ತಾನಾಗಿಯೇ ಬಂದ. ಈ ಸಲ ಕುಳಿತುಕೊಳ್ಳಲೂ ಇಲ್ಲ.

"ಮರಿಲಿಂಗ ಯಾದಗಿರಿದಾಗ ಬ್ಯಾರೆ ಮದುವಿ ಹಿಡದಾನ ಭಾಬಿ. ನಂಗ ನಿನ್ನೆ ಹೇಳ್ತಾನ. ಲಗ್ನದ ಸುಗ್ಗಿ, ಯಾರೂ ಖಾಲಿ ಇಲ್ಲ. ಮೌನಪ್ಪಗ ಏನಂತ ಮುಖ ತೋರಿಸ್ಲಿ?"

ಅಯ್ಯಮ್ಮ ಟಿವಿ ಹಚ್ಚಿದಳು. ಅಂಗನವಾಡಿಯ ಮಕ್ಕಳು ಅನ್ನ ಕಲಸುತ್ತಿದ್ದರು. ಒಂದು ಮಗು ತತ್ತಿಯನ್ನು ಕೈಯಲ್ಲಿ ಹಿಡಿದು ತಿನ್ನಲೋ ಬೇಡವೋ ಎಂದು ನೋಡುತ್ತಿತ್ತು. ಖಾಜಾಹುಸೇನ ನಿಂತೇ ನೋಡಿದ. ಅಂಬ್ರಪ್ಪನ ಕಡೆ ಒಮ್ಮೆ ತಿರುಗಿದ.

"ಬೆಳಿಗ್ಗಿ ಮೊದಲ ಬಸ್ಸು," ಎಂದು ಹೊರಟುಹೋದ.

ಮೌನಪ್ಪ ಕೃಷ್ಣೆಯ ದಂಡೆಯ ಊರಿನವನು. ಸುರಪುರದಲ್ಲಿ ಮೀನು ವ್ಯಾಪಾರ ಮಾಡುತ್ತಿದ್ದ. ಹಿರಿಯ ಮಗಳ ಮದುವೆಯ ವಿಡಿಯೋ ಅಂಬ್ರಪ್ಪನೇ ತೆಗೆದಿದ್ದ ಎಂಬ ಕಾರಣಕ್ಕೆ ಎರಡನೆಯ ಮಗಳು ರಾಧಿಕಾಳ ಮದುವೆಗೂ ಅವನ ಹೆಸರೇ ಹೇಳಿದ್ದ. ಫಂಕ್ಷನ್ ಹಾಲಿನ ಬಾಗಿಲಲ್ಲಿ ಅಯ್ಯಮ್ಮ ಕ್ಯಾಮರಾ ಹೆಗಲಿಗೇರಿಸಿದ್ದೇ ಮೌನಪ್ಪನ ಅಣ್ಣ ಬಸಲಿಂಗ ಅಡ್ಡ ಬಂದ.

"ಏನೋ ಖಾಜಾ, ಹೆಣ್ಮಗಳ ಕೈಯಾಗ ಕೊಟ್ಟಿದ್ಯಲ್ಲ? ಗಂಡಸರು ತೀರಿದ್ರೇನು ಶಹಾಪುರದಾಗ?"

"ಅಂಬ್ರಪ್ಪನ ಮನಿಯವರ್ರೀ. ಕಲ್ತಾರ."

"ಕಲಿಯಾಕ ನಮ್ಮ ಮದುವೀನೇ ಬೇಕಾಗಿತ್ತೇನು?"

ಮೌನಪ್ಪ ನಡುವೆ ಬಂದು ಅಣ್ಣನ ತೋಳು ಹಿಡಿದ. ಅಯ್ಯಮ್ಮನ ಮುಖ ನೋಡಿ, "ತಂಗೀ, ನಿನ್ನ ಮ್ಯಾಲ ಭರೋಸಾ ಇಟ್ಟೀನಿ," ಎಂದ. ಅಣ್ಣನ ಬೈಗುಳಕ್ಕಿಂತ ಈ ಮಾತೇ ಅವಳಿಗೆ ಭಾರವಾಯಿತು.

ಅರಿಶಿಣ, ಸುರಿಗೆ ಸುತ್ತಿ ನೀರೆರೆಯುವುದು ಎಲ್ಲ ಸುಸೂತ್ರವಾಗಿ ಬಂತು. ಪ್ರತಿ ಸಲ ಬಟನ್ ಒತ್ತಿದಾಗಲೂ ಕೆಂಪು ಅಕ್ಷರವನ್ನು ಕಣ್ಣಾರೆ ನೋಡಿಯೇ ಮುಂದುವರಿದಳು. ಹೆಂಗಸರ ಕೋಣೆಯೊಳಗೆ ಯಾರೂ ಅವಳನ್ನು ತಡೆಯಲಿಲ್ಲ. ರಾಧಿಕಾ ಬಳೆ ಏರಿಸಿಕೊಳ್ಳುತ್ತ ಅವಳನ್ನು ನೋಡಿ ನಾಚಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು, ಹೆಗಲು ಸೋಲುತ್ತಿತ್ತು. ಆದರೂ ಎದೆಯ ಬಡಿತ ಒಂದು ಹದಕ್ಕೆ ಬಂದಿತ್ತು.

ತಾಳಿ ಕಟ್ಟಿ ಅಕ್ಕಿಕಾಳು ಹಾಕುವ ಹೊತ್ತಾಯಿತು. ಮಂಟಪದ ಸುತ್ತ ಜನ ಕವಿದರು. ಮೊಬೈಲ್ ಹಿಡಿದ ಕೈಗಳು ಎದುರಿಗೆ ಬೇಲಿಯಂತೆ ಎದ್ದವು. "ಸರೀರಿ, ಸರೀರಿ!" ಎಂದು ಅಯ್ಯಮ್ಮ ಕೂಗಿದಳು. ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕುರ್ಚಿಯೊಂದನ್ನು ಎಳೆದುಕೊಂಡು ಮೇಲೆ ಹತ್ತಿದಳು. ಈಗ ಎಲ್ಲ ಕಂಡಿತು, ಬಾಸಿಂಗ ಕಟ್ಟಿದ ಹಣೆ, ತಾಳಿ ಹಿಡಿದ ಕೈ, ರಾಧಿಕಾಳ ಬಾಗಿದ ಕತ್ತು. ಬಟನ್ ಒತ್ತಿದಳು. ಕೆಂಪು ಬಂತು.

ಬಂದ ಕೆಂಪು ಅಲ್ಲಿಯೇ ಹೋಯಿತು. ಅದರ ಜಾಗದಲ್ಲಿ ಇಂಗ್ಲಿಷಿನ ಎರಡು ಪದ ಮಿಣುಕತೊಡಗಿದವು.

ಅವಳು ಆ ಪದಗಳನ್ನು ಗುರುತಿಸಿದಳು. ಸಪ್ನಾ ಓದಿ ಹೇಳಿದ್ದ ಪುಟದಲ್ಲಿ ಅವು ದಪ್ಪ ಅಕ್ಷರದಲ್ಲಿದ್ದವು. ಕಾರ್ಡು ತುಂಬಿದೆ, ಬೇರೆ ಹಾಕಿ. ಏನು ಮಾಡಬೇಕೆಂಬುದೂ ಗೊತ್ತಿತ್ತು, ಎಲ್ಲ ಗೊತ್ತಿತ್ತು. ಕ್ಯಾಮರಾವನ್ನು ಹೆಗಲಿನಿಂದ ಇಳಿಸಿ, ಸಣ್ಣ ಬಾಗಿಲು ತೆರೆದು, ಹಳೆಯ ಕಾರ್ಡು ತೆಗೆದು, ರವಿಕೆಯೊಳಗಿಟ್ಟಿದ್ದ ಹೊಸದನ್ನು ತುರುಕಿದಳು. ತಲೆಕೆಳಗಾಗಿತ್ತು, ಒಳಗೆ ಹೋಗಲಿಲ್ಲ. ತಿರುಗಿಸಿ ಹಾಕಿದಳು. ಬಾಗಿಲು ಮುಚ್ಚಲೊಲ್ಲದು. ಬ್ಯಾಂಡಿನ ಸದ್ದು ಒಮ್ಮೆಗೇ ಏರಿತು. ಅಕ್ಕಿಕಾಳು ಅವಳ ತಲೆಯ ಮೇಲೆ, ಕೈಯ ಮೇಲೆ, ತೆರೆದ ಬಾಗಿಲ ಸುತ್ತ ಬಿದ್ದವು.

ಮತ್ತೆ ಕಣ್ಣು ಹಚ್ಚಿದಾಗ ತಾಳಿ ರಾಧಿಕಾಳ ಕೊರಳಲ್ಲಿತ್ತು.

ಅಯ್ಯಮ್ಮನಿಗೆ ಕುರ್ಚಿಯಿಂದ ಇಳಿದು ಓಡಿಹೋಗಬೇಕೆನ್ನಿಸಿತು. ಆದರೆ ಕ್ಯಾಮರಾ ಚಾಲೂ ಆಗಿತ್ತು, ಕೆಂಪು ಉರಿಯುತ್ತಿತ್ತು. ಮಂಟಪವನ್ನು ನೋಡುವ ಧೈರ್ಯ ಸಾಲದೆ ಬೇರೆ ಕಡೆ ತಿರುಗಿದಳು. ಅಲ್ಲಿ ಕಂಬದ ಪಕ್ಕದಲ್ಲಿ ರಾಧಿಕಾಳ ತಾಯಿ ಪಾರ್ವತೆಮ್ಮ ಒಬ್ಬಳೇ ನಿಂತಿದ್ದಳು. ಜನರೆಲ್ಲ ಮುಂದಕ್ಕೆ ನುಗ್ಗಿದ್ದರಿಂದ ಹೆತ್ತ ತಾಯಿಗೇ ಜಾಗ ಸಿಕ್ಕಿರಲಿಲ್ಲ. ಮುಂಗಾಲಲ್ಲಿ ನಿಂತು ಜನರ ತಲೆಗಳ ಸಂದಿಯಿಂದ ಮಗಳನ್ನು ನೋಡಲು ಹವಣಿಸುತ್ತಿದ್ದಳು. ಕಂಡೊಡನೆ ಅವಳ ಮುಖ ಅರಳಿತು, ಅರಳಿದ್ದು ಹಾಗೆಯೇ ಮುದುಡಿ ಅಳುವಾಯಿತು. ಮುಷ್ಟಿಯಲ್ಲಿದ್ದ ಅಕ್ಕಿಕಾಳನ್ನು ಎಸೆಯುವುದನ್ನೂ ಮರೆತಿದ್ದಳು. ಅಯ್ಯಮ್ಮ ಉಸಿರು ಬಿಗಿಹಿಡಿದು ನಿಂತಳು. ಪಾರ್ವತೆಮ್ಮ ಕೊನೆಗೆ ಕಣ್ಣೊರೆಸಿಕೊಂಡು, ಯಾರ ಬೆನ್ನಿಗೆ ಬೀಳುತ್ತದೋ ನೋಡದೆ, ಕಾಳು ತೂರಿದಳು.

ಊಟದ ಹೊತ್ತಿಗೆ ಅಯ್ಯಮ್ಮ ಖಾಜಾಹುಸೇನನನ್ನು ಮೂಲೆಗೆ ಕರೆದು ಹೇಳಿದಳು. ಅವನ ಮುಖದ ಬಣ್ಣ ಇಳಿಯಿತು.

"ಕಾರ್ಡು ಎಷ್ಟು ತುಂಬ್ಯಾದ ಅಂತ ಮೊದ್ಲೇ ನೋಡ್ಬೇಕಲ್ರಿ ಭಾಬಿ!" ಎಂದವನು ಸುತ್ತ ನೋಡಿ ದನಿ ತಗ್ಗಿಸಿದ. "ಇರ್ಲಿ, ಸುಮ್ನಿರ್ರಿ. ತಾಳಿ ಕಟ್ಟೂದು ನನ್ನ ಫೋಟೋದಾಗ ಅದ. ಮಿಕ್ಸಿಂಗ್ ಮಾಡುವಾಗ ಅದನ್ನೇ ನಡುವ ಹಾಕಿಸ್ತೀನಿ, ಮ್ಯಾಲ ಹಾಡು ಹಾಕಿದ್ರ ಯಾರಿಗೂ ತಿಳ್ಯಂಗಿಲ್ಲ."

"ಅವರಿಗಿ ಹೇಳ್ಬೇಕು."

"ಹುಚ್ಚಿದ್ದೀರೇನು? ಆ ಬಸಲಿಂಗ ಇಲ್ಲೇ ಚರ್ಮ ಸುಲೀತಾನ!"

"ಭರೋಸಾ ಇಟ್ಟೀನಿ ಅಂದಾರ ಭಾಯಿ. ಅವರಾಗೇ ಹುಡುಕಿ ಕೇಳೋತನಕ ನಾ ಹ್ಯಾಂಗ ಸುಮ್ನಿರ್ಲಿ?"

ಮೌನಪ್ಪ ಹಾಲಿನ ಹಿಂದಿನ ಕೋಣೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಪಾರ್ವತೆಮ್ಮ ಬೀಗರಿಗೆ ಕೊಡುವ ಸೀರೆಗಳನ್ನು ಮಡಚುತ್ತಿದ್ದಳು. ಅಯ್ಯಮ್ಮ ಬಾಗಿಲು ಮುಂದಕ್ಕೆ ಮಾಡಿ, ಸುತ್ತು ಬಳಸದೆ ಹೇಳಿದಳು. ತಾಳಿ ಕಟ್ಟುವುದು ಬಂದಿಲ್ಲ, ಕಾರ್ಡು ತುಂಬಿತು, ಬದಲಿಸುವಷ್ಟರಲ್ಲಿ ಮುಗಿದಿತ್ತು, ತಪ್ಪು ನನ್ನದು.

ಮೌನಪ್ಪನ ದವಡೆ ನಿಂತಿತು. ಹೊರಗೆ ಬಸಲಿಂಗ ಅಡಿಗೆಯವರ ಮೇಲೆ ರೇಗುವುದು ಕೇಳಿಸುತ್ತಿತ್ತು. ಖಾಜಾಹುಸೇನ ನೆಲ ನೋಡುತ್ತಿದ್ದ.

"ಅದೇ ಬಂದಿಲ್ಲಂದ್ರ ಮತ್ತೇನು ಬಂದದ?" ಎಂದು ಮೌನಪ್ಪ ಕೇಳಿದ. ದನಿ ಏರಿರಲಿಲ್ಲ, ಒರಟಾಗಿತ್ತು. "ತಾಳಿ ಬಿಟ್ಟು ಉಳಿದದ್ದು ತಗೊಂಡು ಏನ್ ಮಾಡ್ಲಿ ನಾ? ಅಂಬ್ರಪ್ಪ ಇದ್ರ ಹಿಂಗ ಆಗ್ತಿತ್ತೇನು?"

"ಆಗ್ತಿದ್ದಿಲ್ರಿ," ಎಂದಳು ಅಯ್ಯಮ್ಮ.

ಮೌನಪ್ಪ ಎದ್ದು ಬಂದ. ಕೈ ಚಾಚಿ, "ಏನು ಬಂದದ ಅದನ್ನರೆ ತ್ವಾರಸು," ಎಂದ. ಕೊಳವೆಯನ್ನು ಅವನ ಕಣ್ಣಿಗೆ ಹೊಂದಿಸಿ, ಹೊಸ ಕಾರ್ಡನ್ನು ಮೊದಲಿನಿಂದ ಹಚ್ಚಿಕೊಟ್ಟಳು. ಮೌನಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಕ್ಯಾಮರಾದಿಂದ ಮುಖ ತೆಗೆದು ಹೆಂಡತಿಯನ್ನು ನೋಡಿದ.

"ನೀ ಎಲ್ಲಿ ನಿಂತಿದ್ದಿ ಆವಾಗ?"

"ಎಲ್ಲಿ ನಿಂದರ್ಲಿ? ಜಾಗ ಎಲ್ಲಿತ್ತು?" ಎನ್ನುತ್ತ ಪಾರ್ವತೆಮ್ಮ ಅನುಮಾನದಿಂದ ಎದ್ದು ಬಂದು ತಾನೂ ಕಣ್ಣಿಟ್ಟಳು. ಒಂದೇ ಕ್ಷಣಕ್ಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅಯ್ಯ ಯವ್ವಾ, ಇದನ್ಯಾಕ ತೆಗದಿ? ಎಮ್ಮಿ ಅತ್ತಂಗ ಕಾಣ್ತದ. ಅಳಿಸು ಇದನ್ನ."

"ಅಳಿಸಬ್ಯಾಡ," ಎಂದ ಮೌನಪ್ಪ. ಎಲೆ ಅಡಿಕೆ ಉಗುಳಲು ಕಿಟಕಿಯ ತನಕ ಹೋಗಿ ಬಂದ. ಅವನ ಮುಖ ಇನ್ನೂ ಸಡಿಲಾಗಿರಲಿಲ್ಲ. "ತಾಳಿ ಜಾಗದಾಗ ಫೋಟೋ ಹಾಕು ಖಾಜಾ. ಇದೂ ಇರ್ಲಿ. ನಮ್ಮ ಅಣ್ಣಗ ಮಾತ್ರ ಹೇಳ್ಬ್ಯಾಡ್ರಿ, ಇವತ್ತು ಒಂದಿನ ಸಮಾಧಾನದಿಂದ ಹೋಗ್ಲಿ." ಬಾಗಿಲ ಬಳಿ ನಿಂತು ಅಯ್ಯಮ್ಮನಿಗೆ, "ಉಂಡು ಹೋಗು," ಎಂದ. ಛಲೋ ಆಗಿದೆ ಎನ್ನಲಿಲ್ಲ.

ಶಹಾಪುರದ ಬಸ್ಸಿನಲ್ಲಿ ಖಾಜಾಹುಸೇನ ಕಿಟಕಿಯ ಬಳಿ ಕುಳಿತ. ಗದ್ದೆಗಳು ಹಿಂದೆ ಸರಿದವು. ಊರು ಬಂದಾಗ ಚೀಲ ಇಳಿಸಿಕೊಡುತ್ತ, "ಬೋನಾಳದಾಗ ಒಂದು ಮದುವಿ ಅದ," ಎಂದ. "ಮುಂದಿನ ತಿಂಗಳು. ಆದ್ರ ಎರಡು ಕಾರ್ಡು ಖಾಲಿ ಇರ್ಬೇಕು, ನಾ ಕಣ್ಣಿಂದ ನೋಡ್ಬೇಕು."

ಮನೆಯಲ್ಲಿ ಸಪ್ನಾ ಬಾಗಿಲಲ್ಲೇ ಕಾಯುತ್ತಿದ್ದಳು. ಅಯ್ಯಮ್ಮ ಅವಳಿಗಿಂತ ಮೊದಲು ಮಂಚದ ಬಳಿ ಹೋಗಿ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ತಾಳಿ ತಪ್ಪಿತು ಎಂದಾಗ ಅವನು ಕಣ್ಣು ಮುಚ್ಚಿದ. ಅದು ಹೌದೆಂಬ ಗುರುತಲ್ಲ ಎಂಬುದು ಅವಳಿಗೆ ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ಎಡಗೈ ಚಾಚಿದ. ಅವಳು ಕ್ಯಾಮರಾವನ್ನು ಅವನ ತೊಡೆಯ ಮೇಲಿಟ್ಟು, ಉರುಳದಂತೆ ತಾನೇ ಹಿಡಿದುಕೊಂಡಳು. ಲಕ್ವಾ ಹೊಡೆದ ಮೇಲೆ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು. ಹೆಬ್ಬೆರಳಿನಿಂದ ಸಣ್ಣ ಬಾಗಿಲು ತೆರೆದ, ಕಾರ್ಡನ್ನು ಒತ್ತಿ ಹೊರಕ್ಕೆ ಚಿಮ್ಮಿಸಿದ. ಅದರ ಒಂದು ಮೂಲೆ ಕತ್ತರಿಸಿದಂತಿತ್ತು. ಆ ಮೂಲೆಯನ್ನು ಅವಳ ಹೆಬ್ಬೆರಳಿಗೆ ಒತ್ತಿ ಒತ್ತಿ ತೋರಿಸಿದ. ಕಣ್ಣಿಂದ ನೋಡಬೇಡ, ಬೆರಳಿನಿಂದ ತಿಳಿದುಕೋ ಎನ್ನುವಂತೆ. ಆಮೇಲೆ ಅಂಗೈಯಿಂದ ಅವಳ ಕಣ್ಣು ಮುಚ್ಚಿದ.

ಅಯ್ಯಮ್ಮ ಕತ್ತಲಲ್ಲಿ ಮೂಲೆ ಹುಡುಕಿದಳು. ಮೊದಲ ಸಲ ತಪ್ಪಿತು, ಎರಡನೆಯ ಸಲವೂ ತಪ್ಪಿತು. ಅವನ ಅಂಗೈ ಅವಳ ಕಣ್ಣಿನ ಮೇಲೆ ಬೆವರುತ್ತಿತ್ತು, ಆದರೆ ತೆಗೆಯಲಿಲ್ಲ. ಸಪ್ನಾ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಕಾರ್ಡು ಒಳಗೆ ಹೋಗಿ ಸದ್ದಾದಾಗ ಅಂಬ್ರಪ್ಪ ಮತ್ತೆ ಅದನ್ನು ಚಿಮ್ಮಿಸಿ ಅವಳ ಕೈಗೆ ಕೊಟ್ಟ.